ಕಾಗೆ ಮುಟ್ಟಿದ ಸುಳ್ಳು

ನಮ್ಮ ಹುಡುಗ ಚೂರಿಯೇಟು ತಿಂದವನಂತೆ ಕಿರುಚಿಕೊಂಡಾಗ ಓಣಿಯ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಮುಚ್ಚಿರಿ ಅಂತ ನಾವು ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಎರಡೂವರೆಯ ಬಳ್ಳಾರಿ ಬಿಸಿಲು, ನನ್ನ ಕಿವಿಯಲ್ಲಿ ಹೆಡ್‌ಫೋನು. ಟಕ್, ಟಕ್, ಟಕ್ ಅಂತ ಚಿಲಕ ಬೀಳುವ ಸದ್ದು ಓಣಿಯ ಆ ತುದಿಯಿಂದ ಹೊರಟು ನನ್ನ ಬೆನ್ನ ಹಿಂದೆ ಬಂದು ನಿಂತಿತು. ಏನಾಯಿತು ಅಂತ ಒಬ್ಬರೂ ಇಣುಕಲಿಲ್ಲ. ನಿರ್ದೇಶಕ ಕಟ್ ಅಂದ ಮೇಲೂ ಕ್ಯಾಮೆರಾದವನು ಕೈ ಆಡಿಸದೆ ನಿಂತಿದ್ದ.

ನಾವು ಇದ್ದದ್ದು ನಾಲ್ಕು ಜನ. ನಿರ್ದೇಶಕ ಒಂದು ಕಾಲೇಜಿನಲ್ಲಿ ಅರೆಕಾಲಿಕ ಮೇಷ್ಟ್ರು. ಕ್ಯಾಮೆರಾದವನು ಮದುವೆ ಫೋಟೊ ತೆಗೆಯುವವನು. ಸಾಯುವ ಪಾತ್ರದ ಹುಡುಗ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ಸಿರುಗುಪ್ಪದವಳು, ಬಳ್ಳಾರಿಯ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳಿಗೆ ಧ್ವನಿ ಜೋಡಿಸುವ ಕೆಲಸ ನನ್ನದು. ಓಲಗ ಊದುವವರ ತಾಳಕ್ಕೂ ತಾಳಿ ಕಟ್ಟುವ ಕೈಗೂ ಹೊಂದಿಸಿ ಹೊಂದಿಸಿ ನನಗೆ ಸಾಕಾಗಿಹೋಗಿತ್ತು. ಕಿರುಚಿತ್ರಕ್ಕೆ ಸೌಂಡ್ ಮಾಡ್ತೀಯಾ ಅಂತ ಕೇಳಿದಾಗ ಮೈಯೆಲ್ಲ ಕಿವಿಯಾಗಿ ಹೂಂ ಅಂದುಬಿಟ್ಟೆ.

ಕಥೆ ಇಷ್ಟೇ. ಹಾಡಹಗಲು ಒಂದು ಓಣಿಯಲ್ಲಿ ಒಬ್ಬ ಯುವಕನನ್ನು ಇರಿಯುತ್ತಾರೆ. ಇರಿದವರು ಯಾರು, ಯಾಕೆ ಅಂತ ತೋರಿಸುವುದಿಲ್ಲ. ಅವನು ಬಾಗಿಲು ಬಡಿಯುತ್ತಾನೆ, ಯಾರೂ ತೆಗೆಯುವುದಿಲ್ಲ. ಕೊನೆಯ ಎರಡು ನಿಮಿಷ ಕ್ಯಾಮೆರಾ ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ತೋರಿಸುತ್ತ ಹೋಗುತ್ತದೆ, ಹಿಂದೆ ಅವನ ತಾಯಿಯ ಅಳು ಮಾತ್ರ ಕೇಳುತ್ತದೆ. ತಾಯಿಯ ಮುಖ ಎಲ್ಲೂ ಇಲ್ಲ. ಓಣಿ ಹುಡುಕಿದವನು ನಟನೇ. ಕೋಟೆಯ ಗುಡ್ಡದ ಬುಡಕ್ಕಿರುವ ಒಂದು ಓಣಿಗೆ ನಮ್ಮನ್ನು ಕರೆದುಕೊಂಡು ಹೋಗಿ ಇದೇ ಆಗಬೇಕು ಅಂದ. ಇದೇ ಯಾಕೆ ಅಂದರೆ, ನೋಡಿದ ಕೂಡಲೇ ಇದೇ ಅನ್ನಿಸ್ತು ಅಂದ.

ಠಾಣೆಗೆ ಅರ್ಜಿ ಕೊಟ್ಟಿದ್ದೆವು, ಓಣಿಯ ಮನೆಮನೆಗೂ ಹೇಳಿದ್ದೆವು, ಆದರೆ ಗುರುವಾರ ಅಂತ. ಬಾಡಿಗೆ ಲೆನ್ಸು ಬುಧವಾರಕ್ಕೇ ಸಿಕ್ಕಿದ್ದರಿಂದ ಠಾಣೆಗೊಂದು ಮಾತು ತಿಳಿಸಿ ಒಂದು ದಿನ ಮೊದಲೇ ಹೋದೆವು. ಓಣಿಯವರಿಗೆ ಮತ್ತೆ ಹೇಳಬೇಕು ಅನ್ನುವುದು ನಾಲ್ಕು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ ನೋಡಿ. ಬೀಟ್‌ರೂಟ್ ರಸಕ್ಕೆ ಬೆಲ್ಲದ ಪಾಕ ಬೆರೆಸಿ ರಕ್ತ ಮಾಡಿಕೊಂಡಿದ್ದೆವು, ಮರದ ಚೂರಿಗೆ ಬೆಳ್ಳಿ ಬಣ್ಣ ಬಳಿದಿದ್ದೆವು. ಓಣಿಗೆ ಮಾತ್ರ ಅದು ಖರೇ ಕೊಲೆಯಾಗಿತ್ತು.

ಆಮೇಲೆ ನಿರ್ದೇಶಕ ಮನೆಮನೆಗೆ ಹೋಗಿ ಕೈಮುಗಿದು ಹೇಳಿ ಬಂದ. ಕೆಲವರು ನಕ್ಕರು, ಕೆಲವರು ಬೈದರು. ಒಟ್ಟು ನಾಲ್ಕು ಟೇಕ್ ಆದವು. ಯಾವ ಬಾಗಿಲಾದರೂ ಬಡಿ ಅಂತ ನಿರ್ದೇಶಕ ನಟನಿಗೆ ಬಿಟ್ಟಿದ್ದ. ನಾಲ್ಕು ಸಲವೂ ಅವನು ಹತ್ತಿರದ ಮೂರು ಬಾಗಿಲು ದಾಟಿ ತೂರಾಡುತ್ತ ಹೋಗಿ ಒಂದೇ ಬಾಗಿಲು ಬಡಿದ, ನೀಲಿ ಬಣ್ಣದ್ದು, ಮೂರೇ ಸಲ. ಒಳಗೆ ಬಾಡಿಗೆಗಿದ್ದ ಹೊಲಿಗೆಯ ಹೆಂಗಸು ಕೊನೆಗೆ ಬೇಸತ್ತು, ಬೇರೆ ಬಾಗಿಲು ಕಾಣಂಗಿಲ್ಲೇನು ನಿನಗ ಅಂತ ರೇಗಿದಳು. ಅವನು ಬೆಲ್ಲದ ರಕ್ತಕ್ಕೆ ಮುತ್ತಿದ ಇರುವೆ ಕೊಡವಿಕೊಳ್ಳುತ್ತ, ಕಾಲು ಅಲ್ಲಿಗೇ ಹೋಗ್ತಾವ, ನಾ ಏನ್ ಮಾಡ್ಲಿ ಅಂದ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಆ ಜಾಗದ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕು. ಮಾತಿನ ನಡುವಿನ ಸಂದು ಮುಚ್ಚಲು ಅದು ಬೇಕು, ಒಂದೊಂದು ಜಾಗದ ಮೌನವೂ ಬೇರೆ. ನಾನು ಮೊದಲ ಟೇಕ್ ಆದ ಕೂಡಲೇ, ಇನ್ನೂ ಯಾರಿಗೂ ವಿಷಯ ತಿಳಿಸುವ ಮೊದಲೇ, ಅದನ್ನು ತೆಗೆದುಕೊಂಡಿದ್ದೆ. ಸ್ಟುಡಿಯೋಗೆ ಬಂದು ಹಾಕಿ ಕೇಳಿದೆ. ದೂರದ ಆಟೋ, ಒಂದು ಪಾರಿವಾಳ. ಅವುಗಳ ಕೆಳಗೆ ಇನ್ನೇನೋ ಇತ್ತು. ವಾಲ್ಯೂಮ್ ಏರಿಸಿದೆ. ಉಸಿರು! ಒಬ್ಬರದಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ಜನ ಕಿವಿಗೊಟ್ಟು ನಿಂತಿದ್ದರು, ಉಸಿರು ಬಿಗಿಹಿಡಿದು ಮೆಲ್ಲಗೆ ಬಿಡುತ್ತಿದ್ದರು. ನಿರ್ದೇಶಕ ಕೇಳಿ ಚಿನ್ನ ಚಿನ್ನ ಅಂತ ಕುಣಿದ. ನಾನು ವಾಲ್ಯೂಮ್ ಇಳಿಸಿದೆ. ಅಷ್ಟು ಚೆಂದವಾಗಿ ಸುಮ್ಮನಿರಲು ಬರಬೇಕಾದರೆ ಆ ಓಣಿ ಹಿಂದೊಮ್ಮೆ ಅದನ್ನು ಮಾಡಿರಬೇಕು ಅನ್ನಿಸಿತು.

ಉಳಿದದ್ದು ತಾಯಿಯ ಅಳು. ಅದಕ್ಕಾಗಿ ಹತ್ತು ದಿನ ಹಾಳಾದವು. ನಾಟಕ ಕಂಪನಿಯಲ್ಲಿ ಹೆಸರು ಮಾಡಿದ್ದ ಒಬ್ಬ ಕಲಾವಿದೆಯನ್ನು ಕರೆಸಿದೆವು. ಆಕೆ ಅತ್ತರೆ ಹಿಂದೆ ಹಾರ್ಮೋನಿಯಂ ಇದ್ದಂತೆ ಕೇಳುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಸಿಗುವ ಅಳುಗಳನ್ನು ಹಾಕಿ ನೋಡಿದೆ, ಅವು ಯಾವ ದೇಶದ ಹೆಂಗಸರವೋ. ಕೊನೆಗೆ ಸಿರುಗುಪ್ಪದ ನಮ್ಮ ಮನೆಯಲ್ಲಿ ಕಂಬಳಿ ಹೊದ್ದುಕೊಂಡು ನಾನೇ ಅತ್ತೆ. ಅಕ್ಕಿ ಗಿರಣಿಯ ಸದ್ದು ಅದರೊಳಗೂ ನುಗ್ಗಿತು. ಬಾಗಿಲಲ್ಲಿ ನಿಂತಿದ್ದ ನಮ್ಮವ್ವ, ಯಾರಿಗೆ ಹೊಟ್ಟೆನೋವು ಅಂತ ಕೇಳಿದಳು. ಸ್ಪರ್ಧೆಗೆ ಚಿತ್ರ ಕಳಿಸಲು ಇನ್ನೊಂದೇ ವಾರವಿತ್ತು.

ಆಗ ನಟ ತನ್ನ ತಾಯಿಯ ವಿಷಯ ತೆಗೆದ. ಅವನ ಊರು ಕುರುಗೋಡು. ಅಲ್ಲಿ ಸತ್ತ ಮನೆಗಳಿಗೆ ಅವನ ತಾಯಿಯನ್ನು ಹೇಳಿ ಕರೆಸುತ್ತಾರಂತೆ. ಸತ್ತವರ ಗುಣ, ಉಟ್ಟ ಬಟ್ಟೆ, ಆಡಿದ ಕೊನೆ ಮಾತು ಎಲ್ಲ ಎತ್ತಿ ಹಾಡಿಕೊಂಡು ಅಳುವುದು ನಮ್ಮ ಕಡೆ ಪದ್ಧತಿ, ಆಕೆಯಂತೆ ಹಾಡ್ಯಾಡಿ ಅಳುವವರು ಸುತ್ತ ಹತ್ತೂರಲ್ಲಿ ಇಲ್ಲ. ಮರುದಿನವೇ ನಾನೂ ಅವನೂ ಬಸ್ಸು ಹತ್ತಿದೆವು.

ಒಂದು ಕೋಣೆ, ಒಂದು ಪಡಸಾಲೆಯ ಮನೆ. ಆಕೆ ಸಣ್ಣ ಮೈಯ ಹೆಂಗಸು, ಬೆರಳ ತುದಿಯಲ್ಲಿ ಹಳೆಯ ಸೂಜಿ ಗಾಯಗಳು. ಮೊದಲು ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳಂತೆ. ಚಹಾ ಕೊಟ್ಟಳು, ಸಿರುಗುಪ್ಪ ಅಂದರೆ ಅನ್ನಕ್ಕೆ ಬರವಿಲ್ಲದ ಊರು, ನೀ ಯಾಕ ಇಷ್ಟು ಸೊರಗೀದಿ ಅಂತ ಕೀಟಲೆ ಮಾಡಿದಳು. ಬಾಗಿಲಿಗೆ ಒಳಗಿನ ಚಿಲಕವೇ ಇರಲಿಲ್ಲ. ಮೊಳೆ ಕಿತ್ತ ತೂತುಗಳಿದ್ದವು. ಕಳ್ಳರು ಬಂದರೆ ಏನವ್ವ ಅಂದೆ. ಬಂದೋರು ಬರಲಿ ತಂಗಿ ಅಂದು ಮಾತು ತಿರುಗಿಸಿದಳು.

ಕೆಲಸದ ಮಾತು ಎತ್ತಿದ ಕೂಡಲೇ ಆಕೆಯ ಮುಖ ಬಿಗಿಯಾಯಿತು.

"ಮಗಾ ಬದುಕಿರುವಾಗ ಅವನ ಸಾವಿಗೆ ಅಳೂದಾ? ಬೀದ್ಯಾಗ ಹೋಗೋ ಮಾರೀನ ಮನಿಗೆ ಕರದು ಕುಂದ್ರಿಸಿಕೊಂಡಂಗ. ಆಗಂಗಿಲ್ಲ."

ಅಷ್ಟೇ. ಚಹಾದ ಲೋಟ ಎತ್ತಿಕೊಂಡು ಎದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಆ ಬುದ್ಧಿ ಬಂತು. ಕೆಟ್ಟ ಬುದ್ಧಿ ಬಿತ್ತದೆ ಬೆಳೆಯುತ್ತದೆ. ತಲೆಗೆ ಕಾಗೆ ಮುಟ್ಟಿದರೆ ಸಾವಿನ ದೋಷ ಅಂತಾರಲ್ಲ, ಅದನ್ನು ಕಳೆಯಲು ಮುಟ್ಟಿಸಿಕೊಂಡವನು ಸತ್ತ ಅಂತ ಸಂಬಂಧಿಕರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ಅತ್ತರೆ ಆ ಕಣ್ಣೀರಿನಲ್ಲಿ ದೋಷ ಹೋಗುತ್ತದೆ, ಆಮೇಲೆ ನಿಜ ಹೇಳಿ ಬೈಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ನಮ್ಮಪ್ಪನಿಗೆ ಹೀಗೆ ಮಾಡಿದ್ದರು. ನಾನು ನಟನಿಗೆ ಅಂದೆ, ನಿನ್ನ ತಲೆಗೆ ಕಾಗೆ ಬಡಿಯಿತು ಅಂತ ಅವ್ವನಿಗೆ ಹೇಳು, ಆಕೆಯೇ ಅಳುತ್ತಾಳೆ. ಅವನ ಕೈ ತಾನಾಗಿ ನೆತ್ತಿಗೆ ಹೋಯಿತು. ಇಳಿಯುವಾಗ, ಪಾಪ ತಗಲ್ತೈತಿ ಅಂದ. ನನ್ನ ಹೆಸರಿಗೆ ತಗಲಲಿ ಬಿಡು ಅಂದೆ. ನನ್ನ ನಾಲಿಗೆಗೆ ಆಗ ಎಲುಬಿರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಹೋದೆವು. ಅವನು ತಲೆ ತಗ್ಗಿಸಿಕೊಂಡೇ ಸುಳ್ಳು ಹೇಳಿದ. ಆಕೆ ಅವನ ನೆತ್ತಿಯನ್ನು ಬೆರಳಿಂದ ಬಿಡಿಸಿ ಬಿಡಿಸಿ ನೋಡಿದಳು, ಅರಿಶಿನ ಹಚ್ಚಿದಳು. ತನ್ನ ಒಡಹುಟ್ಟಿದ ತಂಗಿಗೆ ಸುದ್ದಿ ಕಳಿಸಬಹುದಿತ್ತು, ಆದರೆ ಆ ತಂಗಿಗೆ ಎದೆನೋವು, ಸುಳ್ಳು ಸುದ್ದಿಗೆ ಖರೇನೇ ಹೋಗಿಬಿಟ್ಟಾಳು ಅಂತ ಲೆಕ್ಕ ಹಾಕಿದಳು. ಕೊನೆಗೆ, ನಾನೇ ಅಳತೀನಿ, ಆದರ ಖರೇ ಕಣ್ಣೀರು ಬರಬೇಕು, ಇಲ್ಲಾಂದ್ರ ದೋಷ ಹೋಗಂಗಿಲ್ಲ ಅಂದಳು. ಯಾರ ಸಲುವಾಗಿ ಅಳಬೇಕೋ ಅವನು ಎದುರಿಗಿರಬಾರದು ಅಂತ ಮಗನನ್ನು ಹೊರಗೆ ಕಳಿಸಿದಳು. ನಾನು ಇರಲೇನವ್ವ ಅಂದೆ. ಇರು, ಒಬ್ಬಾಕೀನ ಕುಂತು ಅತ್ತರ ಹುಚ್ಚಿ ಅಂತಾರ ಅಂದಳು. ನನ್ನ ಚೀಲದಲ್ಲಿ ರೆಕಾರ್ಡರ್ ಆಗಲೇ ಓಡುತ್ತಿತ್ತು. ಮೈಕನ್ನು ಊಟದ ಡಬ್ಬಿಯ ಬಟ್ಟೆಯಲ್ಲಿ ಸುತ್ತಿ ಆಕೆಯ ಕಡೆ ತಿರುಗಿಸಿ ಇಟ್ಟಿದ್ದೆ.

ಆಕೆ ಗೋಡೆಯ ಕಡೆ ತಿರುಗಿ ಕುಳಿತಳು. ಹೊರಗೆ ಬಿಸಿಲು, ಯಾರದೋ ಮನೆಯ ಒಗ್ಗರಣೆಯ ವಾಸನೆ. ಆಮೇಲೆ ಮುಂಡಾಸು ಕಟ್ಟುವವರಂತೆ ಸೆರಗನ್ನು ತಲೆಗೆ ಬಿಗಿದುಕೊಂಡು ಶುರು ಮಾಡಿದಳು. ದನಿ ಎತ್ತರಿಸಲಿಲ್ಲ. ನಾನು ಎಷ್ಟೋ ಸತ್ತ ಮನೆಗಳಿಗೆ ಹೋದವಳು, ಅಂಥ ದನಿ ಕೇಳಿರಲಿಲ್ಲ. ಮಗನ ಹೆಸರು ಬರುತ್ತದೆ ಅಂತ ಕಾದೆ. ಬರಲೇ ಇಲ್ಲ.

"ಯಾರ ಮಗನೋ ನನ್ನಪ್ಪಾ... ಮೂರು ಸರ್ತಿ ಬಡದೆಲ್ಲೋ, ನೀರು ಕೇಳಿದೆಲ್ಲೋ... ತುಂಬಿದ ಕೊಡ ಬಗಲಾಗ ಇತ್ತಲ್ಲೋ, ನಾ ಚಿಲಕಾ ಹಾಕಿದ್ನೆಲ್ಲೋ ನನ್ನಪ್ಪಾ..."

ಹಾಡಿನಲ್ಲಿ ಚೌಕಳಿ ಅಂಗಿ ಬಂತು, ಮೆಟ್ಟಿಲ ಮೇಲೆ ಉಳಿದ ಒಂಟಿ ಚಪ್ಪಲಿ ಬಂತು, ನೀಲಿ ಬಾಗಿಲ ಕೆಳಗಿನ ಸಂದಿನಿಂದ ಒಳಗೆ ಹರಿದು ಬಂದದ್ದನ್ನು ಗೋಣಿಚೀಲದಿಂದ ಒರೆಸಿದ್ದು ಬಂತು. ನಾವು ಬರೆದ ಕಥೆಯನ್ನು ಆಕೆ ನಮಗಿಂತ ಚೆನ್ನಾಗಿ ಹೇಳುತ್ತಿದ್ದಳು. ಚಿತ್ರದಲ್ಲಿ ಮಗ ಸಾಯುತ್ತಾನೆ ಅನ್ನುವುದು ಬಿಟ್ಟರೆ ನಮ್ಮ ಕಥೆ ಆಕೆಗೆ ಗೊತ್ತಿರಲಿಲ್ಲ. ಮಗ ಕೂಡ ಓಣಿಯ ವಿಷಯ ಹೇಳಿರಲಿಲ್ಲ, ಅದನ್ನು ನಾನು ಆಮೇಲೆ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅಳು ಮುಗಿಸಿ ಆಕೆ ಮುಖ ತೊಳೆದುಕೊಂಡು ಬಂದು, ದೋಷ ಹೋತು ಬಿಡು ಅಂದಳು. ಮಗನನ್ನು ಕರೆದು ಅನ್ನ ಬಡಿಸಿದಳು. ನಾನೂ ಉಂಡೆ. 

ರೆಕಾರ್ಡಿಂಗ್ ಅದ್ಭುತವಾಗಿ ಬಂದಿತ್ತು, ಒಂದೆಡೆಯೂ ದನಿ ಒಡೆದಿರಲಿಲ್ಲ. ಚಿತ್ರದ ಕೊನೆಯ ಎರಡು ನಿಮಿಷಕ್ಕೆ ಇಟ್ಟು ನೋಡಿದೆ. ಬಾಗಿಲು ಒಂದೊಂದಾಗಿ ಹೋಗುತ್ತಿದ್ದಂತೆ ಆಕೆಯ ದನಿ ಬಂದು, ನೀಲಿ ಬಾಗಿಲು ಬಂದಾಗ ಸರಿಯಾಗಿ ಚಿಲಕದ ಮಾತು ಬಂತು. ನಾನು ಕೂಡಿಸಿದ್ದಲ್ಲ, ತಾನಾಗಿ ಕೂಡಿತು. ಹೆಡ್‌ಫೋನ್ ತೆಗೆದಿಟ್ಟು ಸ್ಟುಡಿಯೋದ ದೀಪಗಳನ್ನೆಲ್ಲ ಹಾಕಿದೆ. ನಿರ್ದೇಶಕ ಫೋನ್ ಮಾಡಿ ಸಿಕ್ತೇನು ಅಂದ. ಸಿಕ್ಕಿದೆ, ಆದರೆ ಹಾಕುವುದೋ ಬಿಡುವುದೋ ತಿಳಿಯುತ್ತಿಲ್ಲ ಅಂದೆ. ನಿನಗೇನು ತಲಿಗಿಲಿ ಕೆಟ್ಟೈತಾ, ಮೂರು ದಿನ ಉಳಿದಾವ ಅಂತ ಕೂಗಾಡಿದ. ಅವನ ತಪ್ಪೂ ಇಲ್ಲ. ಅವನಿಗೆ ಅದು ಒಂದು ಒಳ್ಳೆಯ ಅಳು, ನನಗೆ ಅದು ಒಬ್ಬ ಹೆಂಗಸು ಮಗನಿಗೂ ಹೇಳದ ಸಂಗತಿ. ಅದನ್ನು ನಾನು ಊಟದ ಡಬ್ಬಿಯಲ್ಲಿ ಕದ್ದು ತಂದಿದ್ದೆ. ಪರದೆಯ ಮೇಲೆ ಬಂದರೆ ಮೊದಲು ಕೇಳಿಸಿಕೊಳ್ಳುವವನು ಆಕೆಯ ಮಗ. ಎರಡು ದಿನ ಆ ಫೈಲಿನ ಮುಂದೆ ಕುಳಿತು ಎದ್ದು ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ರೆಕಾರ್ಡರ್ ಹಿಡಿದು ಒಬ್ಬಳೇ ಕುರುಗೋಡು ಬಸ್ಸು ಹತ್ತಿದೆ.

ಕಾಗೆ ಸುಳ್ಳು ಅಂತ ಹೇಳಿದೆ. ಮೈಕ್ ಇಟ್ಟಿದ್ದನ್ನೂ, ಕೋಟೆಯ ಬುಡದ ಓಣಿಯಲ್ಲಿ ಆಕೆಯ ಮಗ ನಾಲ್ಕು ಸಲವೂ ನೀಲಿ ಬಾಗಿಲನ್ನೇ ಬಡಿದದ್ದನ್ನೂ ಹೇಳಿದೆ. ಬೈಯಲಿ, ಕಾಲಲ್ಲಿದ್ದದ್ದು ಕೈಗೆ ತಗೊಳ್ಳಲಿ ಅಂತ ಸಿದ್ಧವಾಗಿದ್ದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಇಂವ ಮೂರು ವರ್ಷದಾಂವ, ತೊಡಿಮ್ಯಾಗ ಇದ್ದ. ಅಳಬಾರದು ಅಂತ ಅವನ ಬಾಯಿ ಮುಚ್ಚಿ ಹಿಡಕಂಡು ಕುಂತಿದ್ನಿ. ಹೊರಗಿನಾಂವ ಬಡಿಯೋದು ನಿಲ್ಲಿಸಿದಾ ತಂಗಿ, ನನ್ನ ಕಿವ್ಯಾಗ ನಿಲ್ಲಲಿಲ್ಲ. ವಾರಕ್ಕೊಮ್ಮಿ ಬಡೀತಾನ. ಅದಕ್ಕ ಚಿಲಕಾ ಕಿತ್ತು ಒಗದೀನಿ."

ಆಗ ಆ ನೀಲಿ ಬಾಗಿಲ ಮನೆಯಲ್ಲಿ ಬಾಡಿಗೆಗಿದ್ದವಳು ಆಕೆಯೇ. ಸತ್ತವನು ಯಾರು ಅಂತ ಆಕೆಗೆ ಕೊನೆಗೂ ಗೊತ್ತಾಗಲಿಲ್ಲವಂತೆ. ಪೊಲೀಸರು ಕೇಳಿದಾಗ ಓಣಿಯವರೆಲ್ಲ ಸೇರಿ ನಾವು ಮಲಗಿದ್ದೆವು ಅಂದರು, ಆಕೆಯೂ ಅಂದಳು. ಮರುವರ್ಷ ತವರೂರಿಗೆ ಬಂದುಬಿಟ್ಟಳು. ನಾನು ರೆಕಾರ್ಡರ್ ಆಕೆಯ ಕೈಗಿಟ್ಟು ಅಳಿಸಲು ಯಾವ ಗುಂಡಿ ಒತ್ತಬೇಕು ಅಂತ ತೋರಿಸಿದೆ. ಒತ್ತುವ ಮೊದಲು ಒಮ್ಮೆ ಕೇಳಬೇಕು ಅಂದಳು. ಇಡೀ ಕೇಳಿದಳು, ಕಣ್ಣಲ್ಲಿ ಒಂದು ಹನಿ ಇಲ್ಲ. ಆಮೇಲೆ ತಾನೇ ಒತ್ತಿ ಅಳಿಸಿದಳು. ಕಂಪ್ಯೂಟರಿನಲ್ಲಿ ಇದ್ದದ್ದನ್ನು ನಾನು ಬರುವ ಮೊದಲೇ ತೆಗೆದುಹಾಕಿದ್ದೆ. ಎದ್ದು ಹೊರಡಬೇಕು ಅನ್ನುವಾಗ ಆಕೆ ಸೀರೆ ಬದಲಿಸಿಕೊಂಡು ಬಂದಳು.

"ಆ ಮನಿಗೆ ಕರಕಂಡು ಹೋಗು. ಒಳಗ ನಾ ಇರತೀನಿ, ಹೊರಗ ನನ್ನ ಮಗಾ ಬಡೀಲಿ. ಈ ಸರ್ತಿ ತಗೀತೀನಿ. ಬೇಕಾದ್ರ ತಕ್ಕೋ ನಿನ್ನ ಸಿನಿಮಾಕ್ಕ."

ಬಳ್ಳಾರಿ ಬಸ್‌ಸ್ಟ್ಯಾಂಡಿಗೆ ಮಗ ಬಂದಿದ್ದ. ತಾಯಿ ಮಗ ಇಬ್ಬರನ್ನೂ ಬೇವಿನ ನೆರಳಿನ ಕಟ್ಟೆಯ ಮೇಲೆ ಬಿಟ್ಟು ನಾನು ದೂರ ನಿಂತೆ. ಏನು ಹೇಳಿದಳೋ ಕೇಳಲಿಲ್ಲ. ಅವನು ಮೆಲ್ಲಗೆ ಕೈ ಎತ್ತಿ ತನ್ನ ಬಾಯನ್ನು ತಾನೇ ಮುಚ್ಚಿಕೊಂಡದ್ದು ಮಾತ್ರ ಕಂಡಿತು.

ಓಣಿಗೆ ಹೋದಾಗ ಮತ್ತೆ ಎರಡೂವರೆ. ನಾನು ಕುರುಗೋಡಿನಿಂದಲೇ ಫೋನ್ ಮಾಡಿದ್ದರಿಂದ ಈ ಸಲ ನಿರ್ದೇಶಕ ಮನೆಮನೆಗೂ ಮೊದಲೇ ಹೇಳಿದ್ದ. ನೀಲಿ ಬಾಗಿಲ ಮನೆಯ ಹೊಲಿಗೆಯ ಹೆಂಗಸು ವಿಷಯ ತಿಳಿದು, ತಾನೇ ಕೊಡ ತುಂಬಿಸಿ ಬಾಗಿಲ ಪಕ್ಕ ಇಟ್ಟು ಹಿತ್ತಲಿಗೆ ಸರಿದಳು. ತಾಯಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಮೈಕನ್ನು ಬಾಗಿಲ ಮೇಲ್ಭಾಗಕ್ಕೆ ಹಿಡಿದೆ. ಮಗ ಓಣಿಯ ತಿರುವಿನಲ್ಲಿ ನಿಂತಿದ್ದ, ನಿರ್ದೇಶಕ ಕೈ ತೋರಿಸಿದ ಮೇಲೆ ಅವನು ನಡೆದು ಬಂದು ಮೂರು ಸಲ ಬಡಿಯಬೇಕು. ಕ್ಯಾಮೆರಾ ಓಡಿತು. ನಾನು ಉಸಿರು ಬಿಗಿಹಿಡಿದೆ, ಅದು ನನ್ನ ಕೆಲಸ.

ನಿರ್ದೇಶಕ ಇನ್ನೂ ಕೈ ಎತ್ತಿರಲಿಲ್ಲ. ಮಗ ತಿರುವಿನಲ್ಲೇ ಇದ್ದ. ಒಳಗೆ ಚಿಲಕ ಸರಿದ ಸದ್ದು ಕೇಳಿತು.

ಬಾಗಿಲು ತೆರೆಯಿತು. ಆಕೆ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎದುರಿಗೆ ಯಾರೂ ಇಲ್ಲ. ನಮ್ಮ ಯಾರ ಕಡೆಗೂ ನೋಡಲಿಲ್ಲ, ಮೆಟ್ಟಿಲ ಕಡೆ ನೋಡಿದಳು. ಬಗ್ಗಿ, ಮಲಗಿದವರ ಬಾಯಿಗೆ ಹಾಕುವ ಹಾಗೆ, ಸಣ್ಣ ಧಾರೆಯಲ್ಲಿ ನೀರು ಬಿಟ್ಟಳು. ತಂಬಿಗೆ ಖಾಲಿಯಾಗುವವರೆಗೆ ಬಿಟ್ಟಳು. ಮಗ ಓಡಿ ಬಂದು, ಅವ್ವಾ ನಾ ಇನ್ನೂ ಬಡದಿಲ್ಲ ಅಂದ. ಕೇಳಿಸ್ತಲ್ಲೋ ಅಂದಳು.

ಆಗ ಎದುರು ಮನೆಯ ಬಾಗಿಲು ತೆರೆಯಿತು. ಎಂಬತ್ತು ದಾಟಿದ ಮುದುಕ, ಆ ಓಣಿಯಲ್ಲೇ ಜೀವ ಸವೆಸಿದವನು. ನಿರ್ದೇಶಕ ಹೇಳಲು ಹೋದಾಗ ಅವನೊಬ್ಬ ಮಾತ್ರ ಬಾಗಿಲು ತೆಗೆದಿರಲಿಲ್ಲ. ಅವನ ಕೈಯಲ್ಲೂ ಒಂದು ಲೋಟ ನೀರು, ಅರ್ಧ ಚೆಲ್ಲಿತ್ತು.

"ಯಾರಪ್ಪಾ ಬಾಗಲಾ ಬಡದೋರು?" ಅಂತ ಕೇಳಿದ.

ತಾಯಿಯೂ ಮುದುಕನೂ ಓಣಿಯ ಆಚೆ ಈಚೆ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಗುರುತು ಹತ್ತಿರಬೇಕು. ಅವನು ಮೆಲ್ಲಗೆ ಇಳಿದು ಬಂದು ಉಳಿದ ನೀರನ್ನು ಅದೇ ಮೆಟ್ಟಿಲ ಮೇಲೆ ಸುರಿದು ಹೋದ.

ಸ್ಟುಡಿಯೋಗೆ ಬಂದು ಆ ಟೇಕನ್ನು ಎಷ್ಟು ಸಲ ಕೇಳಿದೆನೋ. ಚಿಲಕಕ್ಕೆ ಮೊದಲು ಏನೂ ಇಲ್ಲ. ಪರದೆಯ ಮೇಲೆ ಸದ್ದಿನ ಗೆರೆ ನೀರು ನಿಂತ ಗದ್ದೆಯಂತೆ ಸಮ. ಇಷ್ಟೆತ್ತರಕ್ಕೆ ಮೈಕ್ ಹಿಡಿದಿದ್ದವಳು ನಾನು, ಒಂದು ಬಡಿತವೂ ಇರಲಿಲ್ಲ ಅಂತ ಆಣೆ ಮಾಡಿ ಹೇಳಬಲ್ಲೆ. ಇಬ್ಬರಿಗೆ ಕೇಳಿಸಿತು ಅಂತಲೂ ಆಣೆ ಮಾಡಿ ಹೇಳಬಲ್ಲೆ. ನಿರ್ದೇಶಕ ಮೂರು ಬಡಿತ ಸೇರಿಸು, ಇಲ್ಲದಿದ್ದರೆ ಜನಕ್ಕೆ ತಿಳಿಯೋದಿಲ್ಲ ಅಂದ. ನನ್ನ ಬಳಿ ಮರದ ಬಾಗಿಲು, ತಗಡಿನ ಬಾಗಿಲು ಎಲ್ಲದರ ಬಡಿತವೂ ಇದೆ. ಸೇರಿಸುವುದಿಲ್ಲ ಅಂದೆ. ಅದೊಂದು ಸಲ ಅವನು ವಾದ ಮಾಡಲಿಲ್ಲ. ಅಳು ಇಲ್ಲದೆ, ಬಡಿತ ಇಲ್ಲದೆ, ಎರಡು ಬಾಗಿಲು ತೆರೆಯುವಲ್ಲಿಗೆ ಚಿತ್ರ ಮುಗಿಯಿತು. ಸ್ಪರ್ಧೆಯ ದಿನ ತೀರ್ಪುಗಾರರಲ್ಲಿ ಒಬ್ಬರು, ಕೊನೆಯಲ್ಲಿ ಸೌಂಡ್ ಕೈಕೊಟ್ಟಂತಿದೆಯಲ್ಲ ಅಂದರು. ಹೌದು ಸರ್, ಅಲ್ಲಿ ಸದ್ದಿಲ್ಲ ಅಂತ ಒಪ್ಪಿಕೊಂಡು ಕುಳಿತೆ. ಬಹುಮಾನ ಬರಲಿಲ್ಲ.

ಚಿತ್ರವನ್ನು ಆಕೆಗೆ ತೋರಿಸಲು ತಿಂಗಳಾದ ಮೇಲೆ ಕುರುಗೋಡಿಗೆ ಹೋದೆ. ನನ್ನ ಹೆಡ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ನೋಡಿದಳು. ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟಳು. ಈಗಲೂ ಬಡೀತಾನೇನವ್ವ ಅಂತ ಕೇಳಿದೆ. ಬಂದಿಲ್ಲ ಅಂದಳು, ನೀರು ಕುಡದು ಹೋದಾಂವ ಮತ್ಯಾಕ ಬರತಾನ. ಹೊರಡುವಾಗ ಬಾಗಿಲು ನೋಡಿದೆ. ಹಳೆಯ ತೂತುಗಳ ಮೇಲೆ ಹೊಸ ಚಿಲಕ ಕೂತಿತ್ತು. ನಾನು ಬೀದಿಗಿಳಿದ ಮೇಲೆ ಒಳಗಿನಿಂದ ಅದು ಬಿದ್ದ ಸದ್ದು ಕೇಳಿತು. ಆಕೆ ಮಧ್ಯಾಹ್ನದ ನಿದ್ದೆಗೆ ಹೋಗುತ್ತಿದ್ದಳು.

ಹತ್ತು ಹೆಜ್ಜೆ ಹೋದವಳಿಗೆ ಹೆಡ್‌ಫೋನ್ ಒಳಗೇ ಬಿಟ್ಟದ್ದು ನೆನಪಾಯಿತು. ತಿರುಗಿ ಬಂದು ಬಾಗಿಲು ಬಡಿಯಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಕೈ ಇಳಿಸಿ, ಬಾಗಿಲಿಗೆ ಬಾಯಿ ಹತ್ತಿರ ಇಟ್ಟು, ಅವ್ವಾ ನಾನು, ಸಿರುಗುಪ್ಪದಾಕಿ, ಅಂತ ಕರೆದೆ.